ನನ್ನ ಸಿಟ್ಟು ಸಿಲಬಸ್ ಸೇರಿದ್ದು

ಮೊದಲೇ ಹೇಳಿಬಿಡುತ್ತೇನೆ, ಇದನ್ನು ಬರೆಯುವಾಗಲೂ ನಾನು ಸಿಟ್ಟಿನಲ್ಲೇ ಇದ್ದೇನೆ. ಸಿಟ್ಟು ನನಗೆ ಹೊಸದೇನಲ್ಲ. ಮದುವೆಯಾಗಿ ಬಂದಾಗ ತವರಿನಿಂದ ತಂದ ಸಾಮಾನುಗಳ ಪೈಕಿ ಇವತ್ತಿಗೂ ಸವೆಯದೆ ಉಳಿದಿರುವುದು ಅದೊಂದೇ. ಆದರೆ ಮೊದಲೆಲ್ಲ ನನ್ನ ಸಿಟ್ಟಿಗೊಂದು ಮರ್ಯಾದೆ ಇತ್ತು. ನಾನು ಅಡುಗೆಮನೆಯ ಬಾಗಿಲಿಗೆ ಬಂದು ನಿಂತರೆ ಸಾಕು, ಗಂಡ ಪೇಪರ್ ಮಡಿಸುತ್ತಿದ್ದರು, ಅತ್ತೆ ಟೀವಿಯ ಸದ್ದು ಕಡಿಮೆ ಮಾಡುತ್ತಿದ್ದರು. ಈಗ ನಾನು ಬಾಯಿ ತೆರೆಯುವ ಮೊದಲೇ ಅಮ್ಮ, ಮಗ ಇಬ್ಬರೂ ಮುಖಮುಖ ನೋಡಿಕೊಂಡು, ಆಸ್ಪತ್ರೆಯಲ್ಲಿ ರೋಗಿಯ ಮಂಚದ ಪಕ್ಕ ಕೂತವರ ಹಾಗೆ ಮೆಲ್ಲಗೆ ತಲೆಯಾಡಿಸುತ್ತಾರೆ. ಇದಕ್ಕೆಲ್ಲ ಮೂಲ, ನಾನು ಈ ವಯಸ್ಸಿನಲ್ಲಿ ಸಂಜೆ ಕಾಲೇಜಿಗೆ ಸೇರಿ ಮನಃಶಾಸ್ತ್ರದ ಮೊದಲ ಪಾಠ ಕಲಿಯಲು ಹೊರಟದ್ದು.

ಹೊರಟದ್ದು ಗಂಡನ ದೆಸೆಯಿಂದಲೇ. ಅವರು ಡ್ರೈವಿಂಗ್ ಸ್ಕೂಲಿನ ಮೇಷ್ಟ್ರು. ದಿನವಿಡೀ ತಮ್ಮ ಪ್ರಾಣ ತೆಗೆಯಲು ಹೊರಟವರ ಪಕ್ಕದಲ್ಲೇ ಕೂತು, "ಪರವಾಗಿಲ್ಲ, ಪರವಾಗಿಲ್ಲ, ನಿಧಾನಕ್ಕೆ ಬ್ರೇಕ್ ಒತ್ತಿ" ಎನ್ನುವುದು ಅವರ ಉದ್ಯೋಗ. ಮನೆಗೆ ಬಂದರೂ ಅದೇ ದನಿ. ಪೈಪು ಒಡೆದು ಅಡುಗೆಮನೆ ಕೆರೆಯಾದರೂ "ಪರವಾಗಿಲ್ಲ". ನಾನು ಪೊರಕೆ ಹಿಡಿದು ಎದುರು ನಿಂತರೂ "ಪರವಾಗಿಲ್ಲ". ಮನುಷ್ಯ ಅಂದಮೇಲೆ ಸಿಟ್ಟು ಬರದೆ ಇರುವುದು ಹೇಗೆ? ಆ ತಲೆಯೊಳಗೆ ಏನಿದೆ (ಅಥವಾ ಏನಿಲ್ಲ) ಎಂದು ತಿಳಿದೇ ತೀರಬೇಕೆಂದು ಹಠ ಹಿಡಿದೆ.

"ಮನೆ ಶಾಸ್ತ್ರವೇ ಇನ್ನೂ ಸರಿಯಾಗಿ ಬಂದಿಲ್ಲ, ಆಗ್ಲೇ ಮನಃಶಾಸ್ತ್ರ ಯಾಕಮ್ಮಾ?" ಎಂದರು ಅತ್ತೆ. (ಅವರಿಗೆ ಕಿವಿ ಸ್ವಲ್ಪ ಮಂದ. ನಾಲಿಗೆ ಅಲ್ಲ.)

ಪಾಠ ಮಾಡುವ ಮೇಡಂಗೆ ನನ್ನ ಅಕ್ಕನ ಮಗಳ ವಯಸ್ಸು. ಒಬ್ಬರ ಮೇಲಿನ ಕೋಪವನ್ನು ಮನುಷ್ಯ ಇನ್ನೊಬ್ಬರ ಮೇಲೆ ತೀರಿಸಿಕೊಳ್ಳುತ್ತಾನೆ, ಇದಕ್ಕೆ ಸ್ಥಾನಪಲ್ಲಟ ಎನ್ನುತ್ತಾರೆ ಎಂದು ಅವರು ಮೊದಲ ವಾರವೇ ಹೇಳಿಕೊಟ್ಟರು. ನಾನು ಮಹಾ ವಿದ್ಯಾರ್ಥಿನಿ ತಾನೆ? ತರಕಾರಿ ಹೆಚ್ಚುತ್ತ ಅದನ್ನು ಗಟ್ಟಿಯಾಗಿ ಬಾಯಿಪಾಠ ಮಾಡಿದೆ. ನನಗೆ ಎಷ್ಟು ಹತ್ತಿತೋ ಗೊತ್ತಿಲ್ಲ, ನಡುಮನೆಯಲ್ಲಿ ಕಾಲು ಚಾಚಿ ಕೂತಿದ್ದವರಿಗೆ ಪೂರ್ತಿ ಹತ್ತಿತು.

ಮರುದಿನ ಬೆಳಿಗ್ಗೆ ಒಲೆಯ ಮೇಲೆ ಹಾಲಿಟ್ಟು, ನೋಡಿಕೊಳ್ಳಿ ಎಂದು ಗಂಡನಿಗೆ ಹೇಳಿ ಬಟ್ಟೆ ಒಣಹಾಕಲು ಹೋದೆ. ಬಂದು ನೋಡಿದರೆ ಹಾಲು ಒಲೆ ದಾಟಿ, ಕಟ್ಟೆ ಇಳಿದು, ನೆಲ ಸೇರಿತ್ತು.

"ರೀ! ಹಾಲು ನೋಡ್ಕೊಳ್ಳಿ ಅಂದಿದ್ನಲ್ರೀ!"

"ನೋಡ್ತಾನೇ ಇದ್ದೆ ಕಣೇ. ಚೆನ್ನಾಗಿ ಉಕ್ತು."

"ಒಲೆ ಆರಿಸೋಕೆ ಏನಾಗಿತ್ತು?"

"ಅದನ್ನ ನೀನು ಹೇಳ್ಲಿಲ್ಲ." ಆಮೇಲೆ ಆ ಡ್ರೈವಿಂಗ್ ಸ್ಕೂಲಿನ ದನಿ ಶುರುವಾಯಿತು. "ನೋಡು, ಈ ಸಿಟ್ಟು ಹಾಲಿಂದಲ್ಲ. ಇದು ಸ್ಥಾನಪಲ್ಲಟ. ನಿಜವಾಗ್ಲೂ ಯಾರ ಮೇಲೆ ಅಂತ ಸಮಾಧಾನವಾಗಿ ಯೋಚನೆ ಮಾಡು."

"ನಿಮ್ಮ ಮೇಲೆ!"

"ಹಾಗೆ ಅನ್ಸುತ್ತೆ. ಒಳಗೆ ಬೇರೆ ಏನೋ ಇರುತ್ತೆ."

"ಚಿಕ್ಕೋಳಿದ್ದಾಗ ಅವರಮ್ಮ ಹೆದರಿಸಿದ್ರೋ ಏನೋ, ಪಾಪ," ಎಂದು ಅತ್ತೆ ಒಳಗಿನಿಂದ ದನಿಗೂಡಿಸಿದರು. (ಈ ಮಾತು ಮಾತ್ರ ಅವರ ಕಿವಿಗೆ ಹೇಗೆ ಬಿತ್ತೋ!)

ಹಾಲು ಉಕ್ಕಿಸಿದ್ದು ಅತ್ತೆಯ ಮಗ, ಆರೋಪಿಯ ಕಟಕಟೆಯಲ್ಲಿ ನಿಂತಿದ್ದು ನಮ್ಮಮ್ಮ. ನೆಲ ಒರೆಸಿದ್ದು ನಾನು.

ಅಲ್ಲಿಂದ ಮುಂದೆ ಮೇಡಂ ಸಂಜೆ ಹೇಳಿಕೊಟ್ಟ ಪ್ರತಿಯೊಂದು ಅಸ್ತ್ರವೂ ಬೆಳಗಾಗುವಷ್ಟರಲ್ಲಿ ನನ್ನ ಮೇಲೇ ಪ್ರಯೋಗವಾಗತೊಡಗಿತು. ಭಾವನೆಯ ಉಬ್ಬರಕ್ಕೆ ಪುಸ್ತಕದಲ್ಲಿ ಸಂವೇಗ ಅಂತ ಹೆಸರಿದೆ. "ಸಂವೇಗ ಅಂದ್ರೂ ವೇಗಾನೇ ತಾನೆ? ಸ್ವಲ್ಪ ಗೇರ್ ಇಳಿಸು," ಎಂದರು ಗಂಡ. ಸುಮ್ಮನಿದ್ದು ನೋಡಿದೆ. "ಅದುಮಿಟ್ಕೋಬೇಡ, ಒಳ್ಳೇದಲ್ಲ," ಎಂದರು. ಸಿಡಿದರೆ ಕಾಯಿಲೆ, ಸಿಡಿಯದಿದ್ದರೆ ಇನ್ನೂ ದೊಡ್ಡ ಕಾಯಿಲೆ!

ಅಷ್ಟರಲ್ಲಿ ಮೇಡಂ ಒಂದು ಪ್ರಾಯೋಗಿಕ ತರಗತಿ ಇಟ್ಟರು. ಮನೆಯಿಂದ ಒಬ್ಬರನ್ನು ಕರೆತಂದು ಎದುರು ಕೂರಿಸಿಕೊಳ್ಳಬೇಕು. ನಾವೊಂದು ಪದ ಹೇಳಿದರೆ, ಅವರು ತಕ್ಷಣ ಮನಸ್ಸಿಗೆ ಬಂದ ಇನ್ನೊಂದು ಪದ ಹೇಳಬೇಕು. ಒಳಗೆ ಅಡಗಿದ್ದೆಲ್ಲ ಹೊರಗೆ ಬೀಳುತ್ತದಂತೆ. ನನಗೆ ಬೇಕಾಗಿದ್ದೂ ಅದೇ. ಇವರ 'ಪರವಾಗಿಲ್ಲ'ದ ಅಡಿಯಲ್ಲಿ ಇರುವ ಹೂರಣ ನಾಲ್ಕು ಜನರ ಮುಂದೆ ಬಯಲಾಗಲಿ ಎಂದುಕೊಂಡೆ. ಕರೆದರೆ, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ನನಗಿಂತ ಮೊದಲೇ ಹೊರಟು ನಿಂತರು.

ತರಗತಿಯೆಲ್ಲ ನಮ್ಮ ಸುತ್ತ ನೆರೆಯಿತು. ನಾನು ಗಂಟಲು ಸರಿಮಾಡಿಕೊಂಡೆ.

"ರಸ್ತೆ."

"ಗುಂಡಿ."

"ಮಳೆ."

"ವೈಪರ್."

"ಮನೆ."

"ಪಾರ್ಕಿಂಗ್."

ಇದು ಹೀಗೆ ಮುಗಿಯುವುದಿಲ್ಲವೆಂದು ಪಟ್ಟಿಯಲ್ಲಿ ಇಲ್ಲದ ಪದವೊಂದನ್ನು ಅವರ ಕಣ್ಣಿಗೇ ಗುರಿಯಿಟ್ಟು ಎಸೆದೆ.

"ಹೆಂಡತಿ."

ಅವರು ಬಾಯಿ ತೆರೆಯಲಿಲ್ಲ. ಬಲಗಾಲು ಮಾತ್ರ ತಾನಾಗಿ ಮುಂದಕ್ಕೆ ಚಾಚಿ, ನೆಲವನ್ನು ಧಡ್ ಎಂದು ಒತ್ತಿ, ಹಾಗೇ ನಿಂತಿತು.

ಒಂದು ಗಳಿಗೆ ಯಾರಿಗೂ ಅರ್ಥವಾಗಲಿಲ್ಲ. ಅದು ಬ್ರೇಕ್ ಎಂದು ಅರ್ಥವಾದದ್ದೇ ಇಡೀ ಕೋಣೆ ಭೋರ್ಗರೆಯಿತು. ನನ್ನ ಬೆಂಚಿನ ನಿವೃತ್ತ ನರ್ಸಮ್ಮ ನಗು ತಡೆಯಲಾಗದೆ ನನ್ನ ಭುಜಕ್ಕೇ ತಲೆಯಿಟ್ಟು ಬಿಕ್ಕಿದರು. "ಅದ್ಭುತ! ಮಾತಿಗಿಂತ ಮೊದಲು ದೇಹ ಉತ್ತರ ಕೊಟ್ಟಿತು!" ಎಂದು ಮೇಡಂ ಕೈತಟ್ಟಿದರು. ಇವರು ಕಾಲು ಹಿಂದಕ್ಕೆಳೆದುಕೊಂಡು, "ಸಾರಿ ಕಣೇ, ಅಭ್ಯಾಸ," ಎಂದರು.

ನಾನು ದಡಕ್ಕನೆ ಎದ್ದು ನಿಂತೆ.

"ನಗಿ, ಎಲ್ರೂ ನಗಿ! ಮಾತಾಡಿದ್ರೆ ಸಿಟ್ಟು, ಸುಮ್ಮನಿದ್ರೆ ಒಳಸಿಟ್ಟು! ಹಾಲು ಉಕ್ಕಿದ್ರೆ ಅದಕ್ಕೆ ನನ್ನ ಬಾಲ್ಯ ಕಾರಣ! ಹೆಂಗಸಿಗೆ ನ್ಯಾಯವಾಗಿ ಸಿಟ್ಟು ಬರಬಹುದು ಅನ್ನೋದಕ್ಕೆ ನಿಮ್ಮ ಈ ದಪ್ಪ ಪುಸ್ತಕದಲ್ಲಿ ಒಂದು ಪುಟ ಇದೆಯಾ ಮೇಡಂ? ಪರವಾಗಿಲ್ಲ ಅನ್ನೋದು ಸುಲಭ ಕಣ್ರೀ, ಅಂದೋರು ಎದ್ದು ಹೋಗ್ತಾರೆ. ಆಮೇಲೆ ಬಟ್ಟೆ ತಗೊಂಡು ಒರೆಸೋಳು ನಾನು! ದಿನಾ ನಾನು!"

ಎಲ್ಲರ ತಲೆಗಳೂ ಬಾಗಿದವು. ಕೊನೆಗೂ ನನ್ನ ಮಾತು ಒಬ್ಬರಿಗಾದರೂ ನಾಟಿತಲ್ಲ ಎಂದು ನನ್ನ ಕಣ್ಣು ಒದ್ದೆಯಾಯಿತು. ಆಮೇಲೆ ಸರಸರ ಎಂಬ ಸದ್ದು ಕೇಳಿಸಿತು. ಬಾಗಿದ ತಲೆಗಳೆಲ್ಲ ಬರೆಯುತ್ತಿದ್ದವು.

"ಮೂಗಿನ ಹೊಳ್ಳೆ ಗಮನಿಸಿ," ಮೇಡಂ ಪಿಸುದನಿಯಲ್ಲಿ ಹೇಳುತ್ತಿದ್ದರು. "ಉಸಿರಿನ ವೇಗ ನೋಡಿ. ಬೆರಳು ನಡುಗೋದನ್ನ ಬರ್ಕೊಳ್ಳಿ." ಆಮೇಲೆ ನನ್ನ ಕಡೆ ತಿರುಗಿ, "ನೀವು ನಿಲ್ಲಿಸ್ಬೇಡಿ, ಪ್ಲೀಸ್. ಮುಂದುವರಿಸಿ."

ಪರೀಕ್ಷೆ ಬಂತು. ಪ್ರಶ್ನೆಪತ್ರಿಕೆಯ ದೊಡ್ಡ ಪ್ರಶ್ನೆ, 'ಕೋಪ ಬಂದ ವ್ಯಕ್ತಿಯ ಮುಖ ಮತ್ತು ದೇಹದಲ್ಲಿ ಆಗುವ ಬದಲಾವಣೆಗಳನ್ನು ವಿವರಿಸಿ.' ಓದಿದ ತಕ್ಷಣ ಇಡೀ ಹಾಲ್ ಒಮ್ಮೆ ತಿರುಗಿ ನನ್ನನ್ನು ಕೃತಜ್ಞತೆಯಿಂದ ನೋಡಿ ಬರೆಯಲು ಕೂತಿತು. ನಾನು ಪೆನ್ನು ಕಚ್ಚುತ್ತ ಕೂತೆ. ಜೀವಮಾನವಿಡೀ ಕೋಪ ಮಾಡಿಕೊಂಡವಳಿಗೆ ಕೋಪ ನೋಡಲು ಹೇಗಿರುತ್ತದೆಂದೇ ಗೊತ್ತಿರಲಿಲ್ಲ! ಸಿಟ್ಟು ಬಂದಾಗ ನನಗೆ ಕಾಣುವುದು ಒಂದೇ ಮುಖ. ಸರಿ, ಅದನ್ನೇ ಬರೆದೆ. ಹುಬ್ಬು ಅಲ್ಲಾಡುವುದಿಲ್ಲ, ಉಸಿರು ನಿಧಾನವಾಗಿರುತ್ತದೆ, ತುಟಿಯ ಮೇಲೆ ಸಣ್ಣ ನಗು ಇರುತ್ತದೆ, ದನಿ ಮೆತ್ತಗಿರುತ್ತದೆ.

ಆ ಪ್ರಶ್ನೆಗೆ ಎಲ್ಲರಿಗೂ ಪೂರ್ತಿ ಅಂಕ, ನನಗೆ ಸೊನ್ನೆ. ಪಕ್ಕದಲ್ಲಿ ಮೇಡಂ ಕೆಂಪು ಶಾಯಿಯಲ್ಲಿ ಕೇಳಿದ್ದರು: 'ಇದು ಯಾರು?' ದೊಡ್ಡ ಮನಸ್ಸು ಮಾಡಿ, ಅದೊಂದು ಉತ್ತರವನ್ನು ಮತ್ತೆ ಬರೆದು ತರಲು ಅವಕಾಶವನ್ನೂ ಕೊಟ್ಟರು.

ಮನೆಗೆ ಬಂದು ಹೇಳಿದೆ. ಗಂಡ ಪೇಪರಿನಿಂದ ಕಣ್ಣು ತೆಗೆಯದೆಯೇ, "ಅಷ್ಟೇನಾ? ಮೊದಲು ಎಡಗಿವಿ ಕೆಂಪಾಗುತ್ತೆ," ಎಂದರು. "ಆಮೇಲೆ ಬಳೆ ಮೇಲಕ್ಕೆ ಸರಿಸ್ತೀಯ. ದನಿ ಏರೋ ಮುಂಚೆ ಒಂದ್ಸಲ ತಗ್ಗುತ್ತೆ. ಅದೇ ನೋಡು ಅಪಾಯ."

"ಪಾತ್ರೆ ಕುಕ್ಕಿ ಇಡ್ತಾಳೆ," ಅತ್ತೆ ಸೇರಿಸಿದರು. "ಗಾಜಿಂದು ಮಾತ್ರ ಮುಟ್ಟಲ್ಲ. ಜಾಣೆ."

"ಇಷ್ಟೆಲ್ಲ ಗೊತ್ತಿದ್ದೂ ಸಿಟ್ಟು ಬರ್ಸೋದು ಬಿಡಲ್ವಲ್ರೀ ನೀವು!"

"ಬಂತು, ಬಂತು! ಎಡಗಿವಿ! ಓಡೇ, ಕನ್ನಡಿ ನೋಡ್ಕೊಂಡು ಬರ್ಕೋ!"

ವಿದ್ಯೆಯ ಆಸೆ ಯಾರನ್ನು ಬಿಟ್ಟಿದೆ? ಓಡಿದೆ. ಬಚ್ಚಲಿನ ಕನ್ನಡಿಯಲ್ಲಿ ಇದ್ದದ್ದು ಓಡಿ ಬಂದು ಏದುಸಿರು ಬಿಡುತ್ತಿದ್ದ ಒಬ್ಬ ನಡುವಯಸ್ಸಿನ ವಿದ್ಯಾರ್ಥಿನಿ. ಕಿವಿ ಕಿವಿಯ ಬಣ್ಣದಲ್ಲೇ ಇತ್ತು. ಸಿಟ್ಟಿನ ಸುಳಿವೇ ಇರಲಿಲ್ಲ. ಪೆಚ್ಚುಮೋರೆ ಹಾಕಿಕೊಂಡು ವಾಪಸು ಬಂದರೆ ಅಮ್ಮ, ಮಗ ಇಬ್ಬರೂ ಕುರ್ಚಿಯ ತುದಿಗೆ ಬಂದು ಕೂತು, ಕತ್ತು ಚಾಚಿ ಕಾಯುತ್ತಿದ್ದರು.

"ಕಾಣ್ತಾ?" ಎಂದರು ಇವರು.

ಬಂತು ನೋಡಿ, ಪ್ರಚಂಡವಾಗಿ ಬಂತು. ಆದರೆ ಏನು ಮಾಡುವುದು, ನಮ್ಮ ನಡುಮನೆಯಲ್ಲಿ ಕನ್ನಡಿ ಇಲ್ಲ.