ದೌತಿ ಹೊರಲು ಒಂದು ಲಾರಿ

ನನಗೆ ಲಾರಿ ಬೇಕೇ ಬೇಕಿತ್ತು. ಯಾತಕ್ಕೆ ಬೇಕು ಎಂಬ ಸಣ್ಣ ವಿಷಯವನ್ನು ಮಾತ್ರ ಇನ್ನೂ ವಿಚಾರ ಮಾಡಿರಲಿಲ್ಲ.

ಮಹಾಯುದ್ಧ ಮುಗಿದು, ಪಲ್ಟನ್ನಿನ ಹಳೆಯ ಮೋಟಾರುಗಳನ್ನು ಲಿಲಾವಿನಲ್ಲಿ ಕೂಗಿ ಮಾರುತ್ತಿದ್ದ ಕಾಲ. ನಾನು ಹಿರೇಕೆರೂರಿನ ಕಚೇರಿ ಮುಂದೆ ಬೇವಿನ ಗಿಡದ ಕೆಳಗೆ ಕುಳಿತು ಮಂದಿಗೆ ಅರ್ಜಿ ಬರೆದುಕೊಡುವವ. ಲಿಲಾವಿನಲ್ಲಿ ಎಲ್ಲರೂ ಸುಮ್ಮನಿದ್ದ ಗಳಿಗೆ ನೋಡಿ ಕೈ ಎತ್ತಿದೆ. ಹಿಂದೆ ಬಯಲು ತೊಟ್ಟಿಯಿದ್ದ ಸಣ್ಣ ಲಾರಿಯೊಂದು ನನ್ನದಾಯಿತು! ಎಲ್ಲರೂ ಯಾಕೆ ಸುಮ್ಮನಿದ್ದರು ಎಂಬುದು ಆಮೇಲೆ ತಿಳಿಯಿತು.

“ಅಲ್ರಿ, ನೀವು ದಿನಾ ಹೊತ್ಕೊಂಡು ಹೋಗೂದರ ಏನು?” ಎಂದು ಹೆಂಡತಿ ಗಂಗವ್ವ ಕೇಳಿದಳು.

“ಕಾಗದ, ಟಾಕು, ಮಸಿ ದೌತಿ.”

“ದೌತಿಗೆ ಲಾರಿ ಬೇಕೇನ್ರಿ?”

“ನಾಳೆ ಏನರೆ ದೊಡ್ಡದು ಹೊರೂದು ಬಂದ್ರ?”

“ಇಪ್ಪತ್ತು ವರ್ಷದಾಗ ಬಂದಿಲ್ಲ.”

“ಅದಕ್ಕ ಇನ್ನ ಬಂದ ಬರತೈತಿ.”

ಕಚೇರಿ ನಮ್ಮ ಮನೆಯಿಂದ ಒಂದು ಎಲೆ ಅಡಿಕೆ ಜಗಿದು ಮುಗಿಸುವಷ್ಟು ದೂರ. ಲಾರಿಯ ಹ್ಯಾಂಡಲ್ ತಿರುವಿ ಅದನ್ನು ಎಬ್ಬಿಸುವುದಕ್ಕೇ ಎರಡು ಎಲೆ ಅಡಿಕೆ ಬೇಕಾಗುತ್ತಿತ್ತು. ಕಲಿಸಿಕೊಟ್ಟ ಡ್ರೈವರ್, “ಮುಂದ ಹೋಗೂದು ಬಂತ್ರಿ. ಹಿಂದ ಬರೂದು ಬ್ಯಾರೆಯವರಿಗೆ ಬಿಡ್ರಿ,” ಎಂದು ಕೈಮುಗಿದು ಹೋಗಿದ್ದ. ಆದರೂ ತೊಟ್ಟಿಯಲ್ಲಿ ಏನೂ ಇಲ್ಲದೆ ದಡದಡ ಸದ್ದು ಮಾಡುತ್ತ ಕಚೇರಿಗೆ ಹೋಗುವಾಗ ನಾನು ಮಾಮಲೇದಾರರಿಗಿಂತ ಒಂದು ಮೆಟ್ಟಿಲು ಮೇಲೆಯೇ ಇದ್ದೆ.

ಅಷ್ಟರಲ್ಲಿ ದೊಡ್ಡದು ಹೊರುವ ಕಾಲವೂ ಬಂತು. ಮಗಳು ನೀಲಾ ಮೊದಲ ಸಲ ಬಸುರಿ. ರಟ್ಟೀಹಳ್ಳಿಯ ಬೀಗರ ಮನೆಯಲ್ಲಿ ಅವಳ ಕುಬಸ. ತವರಿನವರು ಹಸಿರು ಸೀರೆ, ಖಣ, ಬುತ್ತಿ ಒಯ್ದು ಉಡಿ ತುಂಬಬೇಕು. ಆ ಸೀರೆ ಉಡುವ ತನಕ ಬಸುರಿ ಉಣ್ಣಬಾರದೆಂಬುದು ಆ ಮನೆಯ ಪದ್ಧತಿ. ಹೊತ್ತು ಮೀರಿದರೆ ಬೀಗತಿ ಆ ಮಾತನ್ನು ಹುಟ್ಟುವ ಕೂಸಿನ ಮದುವೆಯವರೆಗೂ ಎತ್ತಿ ಆಡುತ್ತಾಳೆ.

ಪಕ್ಕದ ಮನೆಯ ಬಸಪ್ಪಣ್ಣ ತನ್ನ ಬಂಡಿ ಕೊಡುತ್ತೇನೆಂದ. “ಬಾಗಲದಾಗ ಲಾರಿ ನಿಂತಾಗ ಬಂಡಿ ಯಾಕೋ?” ಎಂದು ನಕ್ಕೆ.

ನಮ್ಮ ಕಡೆ ಗಾಡಿಯಲ್ಲಿ ಜಾಗವಿಟ್ಟುಕೊಂಡು ಖಾಲಿ ಹೋದವನನ್ನು ಜನ ಮರೆಯುವುದಿಲ್ಲ. ಅದರಲ್ಲೂ ಶುಭಕಾರ್ಯಕ್ಕೆ ಹೊರಟವನು ಇಲ್ಲ ಎನ್ನಬಾರದು. ಗಂಗವ್ವ ನಸುಕಿನಲ್ಲಿ ಬುತ್ತಿ ಬುಟ್ಟಿಗಳನ್ನು ತೊಟ್ಟಿಯಲ್ಲಿಟ್ಟು ಒಳಗೆ ಹೋಗಿ ಬರುವಷ್ಟರಲ್ಲಿ ಎರಡು ಚೀಲ ಹತ್ತಿಕಾಳು ಏರಿದ್ದವು. ಆಮೇಲೆ ಒಂದು ಕುಂಟೆ. ಆಮೇಲೆ ಬೀಸುಕಲ್ಲು. ಆಮೇಲೆ ಎಮ್ಮೆಯ ಕರು, ಕರುವನ್ನು ಹಿಡಿದುಕೊಳ್ಳಲು ಮೂವರು. “ಬರ್ರಿ, ಬರ್ರಿ, ಜಾಗಾ ಐತಿ,” ಎಂದು ನಾನೇ ಕರೆಯುತ್ತಿದ್ದೆ. ಲಾರಿ ಯಾತಕ್ಕೆ ಬೇಕು ಎಂಬುದಕ್ಕೆ ಕಡೆಗೂ ಉತ್ತರ ಸಿಕ್ಕಿತ್ತಲ್ಲ!

ಕರು ಕರಿಗಡುಬಿನ ಬುಟ್ಟಿಗೆ ಬಾಯಿ ಹಾಕಲು ಹೊರಟಾಗ ಗಂಗವ್ವ ಬುಟ್ಟಿಗಳನ್ನೆಲ್ಲ ಇಳಿಸಿ ಬಸಪ್ಪಣ್ಣನ ಬಂಡಿ ಹತ್ತಿದಳು. “ಸೀರಿ ಕೊಡ್ರಿ,” ಎಂದಳು.

“ಸೀರಿ ನನ್ನ ಕೂಡ ಇರ್ಲಿ. ಬಂಡ್ಯಾಗ ಧೂಳ ಕೂಡತೈತಿ. ನಿನಗಿಂತ ಮೊದಲ ಮುಟ್ಟತೇನಿ,” ಎಂದು ಅದನ್ನು ಸೀಟಿನ ಮೇಲಿದ್ದ ನನ್ನ ಬರವಣಿಗೆ ಪೆಟ್ಟಿಗೆಯಲ್ಲಿ ಜೋಪಾನವಾಗಿಟ್ಟೆ.

ದಾರಿಯುದ್ದಕ್ಕೂ ಇಳಿಸುವುದೇ ಕೆಲಸವಾಯಿತು. ಚೀಲ ಇಳಿಸಬೇಕಾದರೆ ಕುಂಟೆ ಇಳಿಯಬೇಕು, ಕುಂಟೆ ಇಳಿಯಬೇಕಾದರೆ ಕರು ಇಳಿಯಬೇಕು, ಇಳಿದ ಕರು ಮತ್ತೆ ಹತ್ತಲು ಒಪ್ಪಬೇಕು. ರಟ್ಟೀಹಳ್ಳಿ ಇನ್ನೊಂದು ಹರದಾರಿ ಇರುವಾಗ ಬೀಸುಕಲ್ಲಿನವನು, “ಇಲ್ಲೇ ಹೊಲದ ಮನೀಗೆ ಮುಟ್ಟಿಸಿಬಿಡ್ರಿ,” ಎಂದ. ಶುಭಕಾರ್ಯ. ಲಾರಿಯನ್ನು ಹೊಲದ ದಾರಿಗೆ ಹೊರಳಿಸಿದೆ. ಎರೆಮಣ್ಣು ಲಾರಿಯನ್ನು ಗಾಲಿಯ ಅರ್ಧದವರೆಗೆ ನುಂಗಿತು. ಹಿಂದೆ ಬರುವುದು ನನಗೆ ಬಾರದು. ಎಲ್ಲರೂ ತಮ್ಮ ತಮ್ಮ ಸಾಮಾನು ಇಳಿಸಿಕೊಂಡು, “ಭಾಳ ಉಪಕಾರಾತ್ರಿ,” ಎಂದು ನಡೆದುಹೋದರು.

ಸೀರೆ ತೆಗೆದುಕೊಂಡು ನಾನೂ ನಡೆಯಬಹುದಿತ್ತು. ಆದರೆ ಲಾರಿಯ ಮಾಲಕ ಬೀಗರ ಮನೆಗೆ ಕಾಲ್ನಡಿಗೆಯಲ್ಲಿ ಹೋಗುವುದೆ? ಹಸಿದು ಕುಳಿತ ಮಗಳು ನೆನಪಾದಳು. ಆದರೂ ಕುಳಿತೇ ಇದ್ದೆ. ಈಗಲೂ ಅದನ್ನು ನೆನೆದರೆ ನಾಚಿಕೆಯಾಗುತ್ತದೆ.

ಹೊತ್ತು ಇಳಿಯುವಾಗ, ನಡೆದುಹೋದವರಿಂದ ಸುದ್ದಿ ತಿಳಿದು, ಬಸಪ್ಪಣ್ಣ ರಟ್ಟೀಹಳ್ಳಿಯಿಂದ ಎತ್ತು ಹೊಡೆದುಕೊಂಡು ಬಂದ.

“ಗಂಗಕ್ಕ ಸೀರಿ ತಾ ಅಂದಾಳ್ರಿ. ಉಳದದ್ದು ತಂದ್ರೂ ನಡೀತೈತಿ, ಬಿಟ್ರೂ ನಡೀತೈತಿ ಅಂದಾಳ.”

“ಉಳದದ್ದು ಅಂದ್ರ?”

“ನೀವ್ರಿ.”

ಲಾರಿ ಬಿಟ್ಟು ಬರುವುದಿಲ್ಲವೆಂದು ಹಟ ಹಿಡಿದೆ. ಅವನು ಲಾರಿಗೇ ಎತ್ತು ಕಟ್ಟಿದ. ನಾನು ಗಂಭೀರವಾಗಿ ಚಕ್ರ ಹಿಡಿದು ಕುಳಿತೆ. ಆ ಇಡೀ ದಿನದಲ್ಲಿ ಲಾರಿ ಚೆನ್ನಾಗಿ ನಡೆದದ್ದು ಆಗ ಮಾತ್ರ.

ಬೀಗತಿ ಬಾಗಿಲಲ್ಲೇ ನಿಂತಿದ್ದಳು. “ಬರ್ರಿ ಬೀಗರ. ಇಷ್ಟ ದೊಡ್ಡ ಗಾಡ್ಯಾಗ ಏನೇನ್ ತಂದ್ರಿ?”

ಉತ್ತರವಾಗಿ ಪೆಟ್ಟಿಗೆ ತೆರೆದೆ. ದೌತಿ ಮಗುಚಿ ಬಿದ್ದಿತ್ತು. ಹಸಿರು ಸೀರೆಯ ಸೆರಗಿನ ಹತ್ತಿರ ಅಂಗೈ ಅಗಲ ಕಪ್ಪು ಮಸಿ.

ಗಂಗವ್ವ ಬಗ್ಗಿ ನೋಡಿ ಬೀಗತಿಗೆ ಹೇಳಿದಳು: “ದೌತಿ ತಂದಾರ.”

ನೀಲಾ ಬಂದು ಸೀರೆ ಎತ್ತಿಕೊಂಡಳು. ಅವಳ ತುಟಿಗಳು ಒಣಗಿದ್ದವು. “ಇರ್ಲಿ ಬಿಡಪ್ಪ. ಮಡಚಿ ಒಳಗ ಹಾಕ್ಕೊಂತೇನಿ, ಕಾಣೂದಿಲ್ಲ. ಮೊದಲ ಉಣ್ಣಾಕ ಕೊಡಸು,” ಎಂದಳು.

ಮರುದಿನ ಊರಿಗೆ ಬಂದು ಕಚೇರಿಗೆ ಹೊರಟೆ. ದೌತಿಯೂ ಖಾಲಿಯಾಗಿದ್ದರಿಂದ ಹೊರುವುದಕ್ಕೆ ಏನೂ ಇರಲಿಲ್ಲ. ನಡೆದೇ ಹೋದೆ.