ಒಂದು ವಾರ ಮಗಳಿಗೆ ಮಗುವಾದದ್ದು

ಸ್ಕೂಟರ್ ಲೈಸೆನ್ಸ್ ಬೇಕೆಂದರೆ ಎಂಟು ಹಾಕಿ ತೋರಿಸಬೇಕು. ಅಪ್ಪನಾಗಲು ಮಾತ್ರ ಯಾರೂ ಏನನ್ನೂ ತೋರಿಸು ಎನ್ನುವುದಿಲ್ಲ. ಈ ಅನುಕೂಲದಿಂದಲೇ ನಾನು ಇಷ್ಟು ವರ್ಷ ಅಪ್ಪನಾಗಿ ದಿನ ದೂಡಿದ್ದೇನೆ. ಹಾಗಾಗಿ ಶಿವಮೊಗ್ಗದಲ್ಲಿ ನನ್ನ ಮಗಳು ಸಿಂಚನಾ ಓದುವ ಹೈಸ್ಕೂಲಿನವರು ಒಂಬತ್ತನೇ ತರಗತಿಗೆ ಮಕ್ಕಳನ್ನು ಬೆಳೆಸುವ ಪಾಠ ಕಡ್ಡಾಯ ಎಂದಾಗ, ಪೋಷಕರ ಸಭೆಯಲ್ಲಿ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದವನು ನಾನೇ. ಕಲಿಯಬೇಕಾದವಳು ಅವಳು, ನನ್ನ ಗಂಟೇನು ಹೋಗಬೇಕು?

ಪಾಠದ ಜೊತೆಗೆ ಪ್ರಾಕ್ಟಿಕಲ್ ಬೇರೆ ಇತ್ತು. ಒಂದು ವಾರ ಒಂದು ಮಗುವನ್ನು ನೋಡಿಕೊಳ್ಳಬೇಕು. ಬೈಯದೆ, ಹೊಡೆಯದೆ ಅದರ ಒಂದು ಕೆಟ್ಟ ಅಭ್ಯಾಸ ಬಿಡಿಸಬೇಕು. ಇಲ್ಲದಿದ್ದರೆ ಫೇಲು. ನಮ್ಮ ಬೀದಿಯಲ್ಲಿರುವುದು ಒಂದೇ ಪುಟ್ಟ ಮಗು. ಸಿಂಚನಾ ಕೇಳಲು ಹೋಗುವಷ್ಟರಲ್ಲಿ ಅವಳ ಕ್ಲಾಸಿನ ಮೂವರು ಹುಡುಗಿಯರು ಅದಕ್ಕೆ ತಾಯಂದಿರಾಗಿ ಬುಕ್ ಆಗಿದ್ದರು. ಅಳುತ್ತಾ ಬಂದ ಮಗಳಿಗೆ ನನ್ನ ಹೆಂಡತಿ ಶೈಲಾ ಅವರೆಕಾಯಿ ಬಿಡಿಸುತ್ತಲೇ, "ಮನೇಲೇ ಒಂದಿದೆಯಲ್ಲ ಮಾರಾಯ್ತಿ. ನಾನಂತೂ ಬೈದೂ ಬೈದೂ ಸುಸ್ತಾಗಿದೀನಿ, ಇನ್ನು ನೀನು ನೋಡು" ಎಂದು ನನ್ನನ್ನು ಕಣ್ಣಲ್ಲೇ ತೋರಿಸಿದಳು. ಬಿಡಿಸಬೇಕಾದ ಅಭ್ಯಾಸವೂ ಅಲ್ಲೇ ತೀರ್ಮಾನವಾಯಿತು: ಮೆಣಸಿನಕಾಯಿ ಬಜ್ಜಿ. ಡಾಕ್ಟರು ಎಣ್ಣೆ ತಿಂಡಿ ಮುಟ್ಟಬೇಡಿ ಎಂದ ಮೇಲೂ, ಭದ್ರಾವತಿಯ ಆಫೀಸು ಮುಗಿಸಿ ಬಸ್ಸು ಹತ್ತುವ ಮೊದಲು ನಾನು ಬಜ್ಜಿ ಗಾಡಿಗೆ ಹಾಜರಿ ಹಾಕುತ್ತಿದ್ದೆ.

ಪಾಠದ ಪ್ರಕಾರ ಮಗುವಿನ ಎದುರು ಮಂಡಿಯೂರಿ, ಕಣ್ಣಲ್ಲಿ ಕಣ್ಣಿಟ್ಟು ಮಾತಾಡಬೇಕಂತೆ. "ಪುಟ್ಟಾ, ಹಾಗಲಕಾಯಿ ಪಲ್ಯ ಮೊದ್ಲು ತಿಂತೀಯಾ, ಅನ್ನದ ಜೊತೆ ತಿಂತೀಯಾ? ನೀನೇ ಹೇಳು." ತಿನ್ನುವುದೇ ಇಲ್ಲ ಎಂಬುದು ಆಯ್ಕೆಯಲ್ಲಿರಲಿಲ್ಲ. ಸಂಜೆ ನಾನು ಬಂದ ಕೂಡಲೇ ಸಿಂಚನಾ ಪಕ್ಕದಲ್ಲಿ ಕೂತು, "ಇವತ್ತು ಏನೇನಾಯ್ತು ಹೇಳು" ಎನ್ನುತ್ತಿದ್ದಳು. ಮೊದಮೊದಲು ನಕ್ಕುಬಿಟ್ಟೆ. ಆಮೇಲೊಂದು ದಿನ, ಮ್ಯಾನೇಜರು ಎಲ್ಲರೆದುರು ನನಗೆ ಬೈದದ್ದನ್ನು, ಹೆಂಡತಿಗೂ ಹೇಳದೆ ಮುಚ್ಚಿಟ್ಟದ್ದನ್ನು, ಗಳಗಳನೆ ಹೇಳಿಬಿಟ್ಟೆ. "ನಿಂಗೆ ತುಂಬಾ ಬೇಜಾರಾಯ್ತು ಅಲ್ವಾ?" ಎಂದಳು. ಹೌದು ಎಂದೆ. ಮನಸ್ಸು ಎಷ್ಟು ಹಗುರವಾಯಿತೆಂದರೆ, ಆ ಖುಷಿಗೆ ಮರುದಿನವೇ ಬಜ್ಜಿ ತಿನ್ನಬೇಕೆನಿಸಿತು.

ಗಾಡಿಗೆ ಹೋಗಲು ಧೈರ್ಯ ಸಾಲದೆ ಭದ್ರಾವತಿಯಲ್ಲೇ ಇರುವ ಅಣ್ಣನ ಮನೆಗೆ ಹೋದೆ. ಅಲ್ಲಿ ಅಮ್ಮ ಇದ್ದಾರೆ. ನಾನು ಬಾಯಿ ಬಿಡುವ ಮೊದಲೇ ಬಾಣಲೆ ಒಲೆಯೇರಿತು. ಒಂದು ಬಜ್ಜಿ ಮುಗಿಸುವಷ್ಟರಲ್ಲಿ, ನಾನಿನ್ನೂ ಮನೆ ಸೇರಿಲ್ಲವೆಂದು ಸಿಂಚನಾಳ ಫೋನು. "ಅಜ್ಜಿ, ಅಪ್ಪ ಅಲ್ಲೇನಾದ್ರೂ ಬಜ್ಜಿ ತಿಂದ್ರಾ?" "ಇಲ್ಲ ಕಣೇ, ಬರೀ ನೀರು ಕುಡ್ದ" ಎನ್ನುತ್ತಾ ಅಮ್ಮ ನನ್ನ ತಟ್ಟೆಗೆ ಇನ್ನೊಂದು ಹಾಕಿದರು. ಅವರದೂ ತಪ್ಪಲ್ಲ. ಆ ವಾರದ ಸಂಬಂಧದ ಪ್ರಕಾರ ನಾನು ಅವರಿಗೆ ಮರಿಮಗ.

ಮನೆಗೆ ಬಂದಾಗ ಸಿಂಚನಾ ಒಮ್ಮೆ ಮೂಸಿ ನೋಡಿ, ಮತ್ತೆ ಮಂಡಿಯೂರಿದಳು. "ನಿಜ ಹೇಳಿದ್ರೆ ಬೈಯಲ್ಲ." ಹೇಳಿದೆ. ಅವಳು ಬೈಯಲಿಲ್ಲ. "ನಾನು ಫೇಲಾದ್ರೆ ಆಗ್ಲಿ ಅಪ್ಪ. ನಿಂಗೇನಾದ್ರೂ ಆದ್ರೆ?" ಎಂದಳು. ಅಷ್ಟು ಸಾಕಾಯಿತು. ಉಳಿದ ದಿನ ಬಜ್ಜಿ ಗಾಡಿಯ ಮುಂದೆ ಮೂಗು ಮುಚ್ಚಿಕೊಂಡೇ ಹಾದುಹೋದೆ. ಮಗಳು ಪಾಸಾದಳು.

ಸೋಮವಾರ ಬಸ್ಸಿಳಿದು ಓಡೋಡಿ ಮನೆಗೆ ಬಂದೆ. ಆವತ್ತು ಮ್ಯಾನೇಜರಿಗೇ ಅವರ ಮೇಲಿನವರಿಂದ ಮಂಗಳಾರತಿಯಾಗಿತ್ತು. ಹೇಳಲು ನಾಲಿಗೆ ತುರಿಸುತ್ತಿತ್ತು. ಸಿಂಚನಾ ಸೋಫಾದ ಮೇಲೆ ಕಾಲು ಚಾಚಿಕೊಂಡು ಫೋನು ನೋಡುತ್ತಿದ್ದಳು. "ಇವತ್ತು ಏನಾಯ್ತು ಗೊತ್ತಾ?" ಎಂದೆ.

"ಹ್ಞೂಂ, ಹೇಳಪ್ಪ, ಕೇಳಿಸ್ಕೋತಾ ಇದೀನಿ" ಎಂದಳು. ಕಣ್ಣು ಫೋನಿನಿಂದ ಮೇಲೇಳಲಿಲ್ಲ.

ಇಂಥದ್ದನ್ನೆಲ್ಲ ಯಾರನ್ನು ನೋಡಿ ಕಲಿತಳೋ ಎಂದು ಶೈಲಾಳತ್ತ ತಿರುಗಿದೆ. ಅವಳು ನನ್ನನ್ನೇ ನೋಡುತ್ತಿದ್ದಳು.