ಚಂದ್ರಯ್ಯನ ಕಾರಿನ ಹಳದಿ ದೀಪ

ಕಾಫಿ ಹೂವಿನ ಮಳೆ ಬಿದ್ದು ನಾಲ್ಕು ದಿನವಾಗಿತ್ತು. ತೋಟಗಳೆಲ್ಲ ಬೆಳ್ಳಗೆ ಅರಳಿ ಊರಿಗೆ ಊರೇ ಘಮ್ಮೆನ್ನುತ್ತಿತ್ತು. ಅವತ್ತು ಸೋಮವಾರ. ರಾಹುಕಾಲ ಕಳೆಯಲಿ ಎಂದು ಕಾದಿದ್ದ ಚಂದ್ರಯ್ಯ ಒಂಬತ್ತೂಕಾಲಿಗೆ ಹೊಸ ಕಾರಿನ ಗುಂಡಿ ಒತ್ತಿದ. ಕೀ ತಿರುಗಿಸುವ ಹಾಗಿಲ್ಲ, ಜೇಬಿನಲ್ಲಿದ್ದರೆ ಸಾಕು. ಇಂಜಿನ್ನು ಎದ್ದಿತು. ಅದರ ಹಿಂದೆಯೇ ಟುಂಯ್, ಟುಂಯ್, ಟುಂಯ್ ಎಂಬ ಸದ್ದೂ ಎದ್ದಿತು. ಸ್ಟೇರಿಂಗಿನ ಮುಂದೆ ಹಳದಿ ಬಣ್ಣದ ಬ್ಯಾಟರಿ ಚಿತ್ರ, ಪಕ್ಕದಲ್ಲಿ ಇಂಗ್ಲಿಷಿನ ಒಂದು ಸಾಲು.

"ಬಂತಲ್ಲಪ್ಪ ಶನಿ," ಎಂದ ಚಂದ್ರಯ್ಯ.

ಒಂದು ವಾರದಿಂದ ಇದೇ ಗೋಳು. ಇಂಗ್ಲಿಷು ಅವನಿಗೆ ಬಾರದು, ಚಿತ್ರ ಮಾತ್ರ ತಿಳಿಯುತ್ತಿತ್ತು. ಶೋರೂಮಿಗೆ ಫೋನು ಮಾಡಲು ನಾಚಿಕೆ. ಟಾಪ್ ಮಾಡಲ್ಲು ಎಂದು ಊರಿಗೆಲ್ಲ ಪೇಡ ಹಂಚಿದವನು, ಹದಿನೈದು ದಿನಕ್ಕೇ ಬ್ಯಾಟರಿ ಇಳಿದಿದೆ ಎಂದು ಯಾವ ಬಾಯಲ್ಲಿ ಹೇಳುವುದು?

ಅದಕ್ಕಿಂತ ದೊಡ್ಡ ನಾಚಿಕೆ ಮನೆಯೊಳಗಿತ್ತು. ಗಂಡನೊಡನೆ ಮುನಿಸಿಕೊಂಡು ಶಿವರಾತ್ರಿಗೆ ಬಂದ ಮಗಳು ರಶ್ಮಿತಾ ಬಾಳ್ಳುಪೇಟೆಯ ಗಂಡನ ಮನೆಗೆ ತಿರುಗಿ ಹೋಗಿರಲಿಲ್ಲ. ಅವರಾಗಿ ಬಂದು ಕರೆಯಲಿ ಎಂದು ಅವಳು. ತಾನಾಗಿ ಹೋದವಳು ತಾನಾಗಿ ಬರಲಿ ಎಂದು ಅಳಿಯ ಪ್ರತಾಪ್. ಯಾರು ಮೊದಲು ಬಗ್ಗುತ್ತಾರೋ ತಪ್ಪು ಅವರದು ಎಂದು ಎರಡೂ ಊರು ಕಾದು ಕೂತಿದ್ದವು. "ಮಗಳು ಇನ್ನೂ ಹೋಗ್ಲಿಲ್ವಾ?" ಎಂದು ಕೇಳುವವರಿಗೆ ಉತ್ತರ ಹೇಳಿ ಹೇಳಿ ಸಾಕಾಗಿ, ಚಂದ್ರಯ್ಯ ತಾನೇ ಅವಳನ್ನು ಬಿಟ್ಟು ಬರಲು ಹೊರಟಿದ್ದ. ಹೊಸ ಕಾರಿನಲ್ಲಿ ಹೋಗಿ ಇಳಿದರೆ ಬಗ್ಗಿದ್ದು ಅಷ್ಟಾಗಿ ಕಾಣುವುದಿಲ್ಲ ಎಂಬುದು ಅವನ ನಂಬಿಕೆ. ಹೆಂಡತಿ ಗಂಗಾಮಣಿ ಬ್ಯಾಗನ್ನು ಡಿಕ್ಕಿಗೆ ಹಾಕಿದಳು. ರಶ್ಮಿತಾ ಹಿಂದಿನ ಸೀಟಿನಲ್ಲಿ ಕೂತಳು.

ಸದ್ದು ಕೇಳಿ ಪಕ್ಕದ ಮನೆಯ ಲಕ್ಕಯ್ಯ ಬಂದ. ಮೂವತ್ತು ವರ್ಷ ಲಾರಿ ಓಡಿಸಿದವನು.

"ಬ್ಯಾಟ್ರಿ ಇಳಿದೈತೆ ಕಣೋ. ಎಲ್ಲೂ ಇಂಜಿನ್ ಆಫ್ ಮಾಡ್ಬ್ಯಾಡ, ಓಡ್ತಾ ಓಡ್ತಾ ತಾನೇ ತುಂಬ್ಕತ್ತದೆ. ನಡಿ, ನಾನೂ ಬತ್ತೀನಿ," ಎಂದು ಮುಂದಿನ ಸೀಟಿಗೆ ಏರಿಯೇಬಿಟ್ಟ. ಇನ್ನೂ ಬಿಚ್ಚದ ಪ್ಲಾಸ್ಟಿಕ್ಕು ಅವನ ಕೆಳಗೆ ಚರಚರ ಎಂದಿತು.

ಬೀಗರ ಮನೆಗೆ ಬರಿಗೈಲಿ ಹೋಗುವುದುಂಟೇ? ಕೆ. ಹೊಸಕೋಟೆ ಬಸ್‌ಸ್ಟ್ಯಾಂಡಿನ ಹತ್ತಿರ ಬಾಳೆಹಣ್ಣಿಗೆ ನಿಲ್ಲಿಸಿದ. ಹೇಳಿದಂತೆ ಇಂಜಿನ್ ಆಫ್ ಮಾಡದೆ, ಕೀ ಜೇಬಿನಲ್ಲಿಟ್ಟುಕೊಂಡು ಇಳಿದ. ನಾಲ್ಕು ಹೆಜ್ಜೆ ಹೋಗಿದ್ದನೋ ಇಲ್ಲವೋ, ಕೀ ದೂರವಾಯಿತೆಂದು ಕಾರು ತಾಯಿ ತಪ್ಪಿದ ಕರುವಿನಂತೆ ಅರಚತೊಡಗಿತು. ಲಕ್ಕಯ್ಯ ಗಾಬರಿಬಿದ್ದು ಕೈಗೆ ಸಿಕ್ಕಿದ್ದನ್ನೆಲ್ಲ ಒತ್ತಿದ. ವೈಪರು ಆಡಿತು. ಹಿಂದಿನ ಗಾಜು ಇಳಿಯಿತು. ಕೊನೆಗೆ ಇಂಜಿನ್ ನಿಂತಿತು. ಆಮೇಲೆ ಯಾರು ಎಷ್ಟು ಒತ್ತಿದರೂ ಏಳಲಿಲ್ಲ.

"ಏನ್ ಮಾಡ್ದೆ ಮಾರಾಯ?"

"ನಾನೇನ್ ಮಾಡ್ದೆ? ಪೂರ್ತಿ ಸತ್ತೋಯ್ತು ಅಷ್ಟೇ. ತಳ್ಳಿದ್ರೆ ಏಳ್ತದೆ," ಎಂದ ಲಕ್ಕಯ್ಯ, ಪೋಂಕ್ ಪೋಂಕ್ ಎಂದು ಹಾರನ್ನು ಹೊಡೆದು ಜನ ಕರೆದ. ಸತ್ತ ಬ್ಯಾಟರಿಯಲ್ಲಿ ಹಾರನ್ನು ಹೇಗೆ ಕೂಗಿತು ಎಂದು ಯಾರೂ ಕೇಳಲಿಲ್ಲ.

ಆರು ಜನ ತಳ್ಳಿದರು. ಕಾರಿನ ಮೂತಿಯಲ್ಲಿ ಪೂಜೆಯ ಚೆಂಡುಹೂವಿನ ಹಾರ ನೇತಾಡುತ್ತಿತ್ತು. ಒಳಗೆ ರಶ್ಮಿತಾ ಪಲ್ಲಕ್ಕಿಯ ಮೇಲಿನ ದೇವರಂತೆ ಅಲುಗದೆ ಕೂತಿದ್ದಳು.

"ಚಂದ್ರಣ್ಣ, ಟಾಪ್ ಮಾಡಲ್ಲು ಕಿಲೋಮೀಟ್ರಿಗೆ ಎಷ್ಟು ಆಳು ಕುಡೀತದೆ?" ಎಂದು ಟೀ ಅಂಗಡಿಯಿಂದ ಯಾರೋ ಕೂಗಿದರು. ಚಂದ್ರಯ್ಯ ತಲೆ ತಗ್ಗಿಸಿ ತಳ್ಳಿದ.

ತಲೆ ಎತ್ತಿದಾಗ ಬಾಳ್ಳುಪೇಟೆಯ ಬಸ್ಸು ನಿಂತಿತ್ತು. ಅದರಿಂದ ಕೈಯಲ್ಲಿ ಚೀಲ ಹಿಡಿದು ಇಳಿದವರು ಸುಲೋಚನಮ್ಮ, ಅಳಿಯನ ತಾಯಿ. ಕರೆಯಲು ಅವರೇ ಬಂದುಬಿಟ್ಟಿದ್ದಾರೆ! ಇನ್ನರ್ಧ ಗಂಟೆ ಮನೆಯಲ್ಲಿ ಸುಮ್ಮನೆ ಕೂತಿದ್ದರೆ ಮಾನ ಉಳಿಯುತ್ತಿತ್ತು.

"ಏನ್ರೀ ಬೀಗ್ರೆ, ಕಾರು ತಳ್ಕಂಡು ಎಲ್ಲಿಗೆ ಹೊಂಟ್ರಿ?"

"ಎಲ್ಲಿಗೂ ಇಲ್ಲ ಕಣಮ್ಮ. ಬ್ಯಾಟ್ರಿ ತುಂಬ್ಲಿ ಅಂತ ಹಂಗೇ ಒಂದು ಸುತ್ತು..."

"ನಿಮ್ಮನೆಗೇ ಕಣವ್ವ," ಎಂದ ಲಕ್ಕಯ್ಯ. "ಮಗೀನ ಬಿಟ್ಟು ಬರೋಕೆ. ಬ್ಯಾಗೂ ಐತೆ, ನೋಡಿ," ಎಂದು ಡಿಕ್ಕಿ ಎತ್ತಿ ತೋರಿಸಿದ.

ಬ್ಯಾಗು ತೆಗೆದು ಆ ಜಾಗದಲ್ಲಿ ತಾನೇ ಮಲಗಿಬಿಡೋಣ ಎನ್ನಿಸಿತು ಚಂದ್ರಯ್ಯನಿಗೆ.

ಅಷ್ಟರಲ್ಲಿ ರಶ್ಮಿತಾ ಇಳಿದು ಬಂದು, ಅಪ್ಪನ ಜೇಬಿನಿಂದ ಕೀ ತೆಗೆದು, ಅದನ್ನು ಗುಂಡಿಗೆ ತಾಗಿಸಿ ಒತ್ತಿದಳು. ಇಂಜಿನ್ ಎದ್ದಿತು.

"ಕಾರಿನ ಬ್ಯಾಟ್ರಿ ಚೆನ್ನಾಗೇ ಐತೆ ಅಪ್ಪ. ಕೀ ಒಳಗಿರೋ ಸೆಲ್ಲು ಹೋಗೈತೆ. ಅಲ್ಲಿ ಬರ್ದಿರೋದೇ ಅದು. ಹೋದ ಸೋಮವಾರನೇ ಓದ್ದೆ."

"ಹೇಳೋಕೆ ಏನಾಗಿತ್ತೇ ನಿಂಗೆ?"

"ಹೇಳಿದ್ರೆ ಕಾರು ಸರಿ ಮಾಡಿಸ್ಕಂಡು ಅವತ್ತೇ ನೀನು ನನ್ನ ಸಾಗ್ಹಾಕ್ತಿದ್ದೆ."

ತಳ್ಳಿದ ಆರು ಜನರೂ ಕೈ ಒರೆಸಿಕೊಂಡು ನಕ್ಕರು. ಚಂದ್ರಯ್ಯ ವಾಚಿನ ಅಂಗಡಿಗೆ ಹೋಗಿ ಗುಂಡನೆಯ ಒಂದು ಸೆಲ್ಲು ಹಾಕಿಸಿಕೊಂಡ. ಆದರೂ ಒಳಗೊಳಗೇ ಸಮಾಧಾನ. ಹೇಗೋ ಬೀಗಿತ್ತಿ ಬಂದರಲ್ಲ!

ಮನೆಯಲ್ಲಿ ಗಂಗಾಮಣಿ ಒಬ್ಬಟ್ಟು ಬೇಯಿಸಿ ಬಡಿಸಿದಳು. ಊಟವಾಗಿ ಎಲೆಅಡಿಕೆ ತಟ್ಟೆ ಬಂದಾಗ ಚಂದ್ರಯ್ಯ ಮೆಲ್ಲಗೆ ಮಾತು ತೆಗೆದ.

"ನಾಳೆ ಮಂಗಳವಾರ, ಹೆಣ್ಮಕ್ಳನ್ನ ಕಳ್ಸೋ ಹಂಗಿಲ್ಲ. ಬುಧವಾರ ಕರ್ಕಂಡ್ ಹೋಗ್ತೀರಾ?"

"ಯಾರನ್ನ?"

"ಮಗೀನ. ಕರಿಯೋಕೆ ತಾನೇ ನೀವು ಬಂದಿರೋದು?"

ಎಲೆಗೆ ಸುಣ್ಣ ಹಚ್ಚುತ್ತಿದ್ದ ಸುಲೋಚನಮ್ಮನ ಬೆರಳು ನಿಂತಿತು. "ಕರಿಯೋಕಾ? ನಿಮ್ ಅಳಿಯನ ಜೊತೆ ನಾನೂ ಜಗಳ ಆಡ್ಕಂಡು ಬಂದಿದೀನಿ ಕಣ್ರೀ. ಹೆತ್ತ ತಾಯಿಗೇ ಹಂಗಂದ್ಬುಟ್ಟ. ನನ್ ತವರಲ್ಲಿ ಈಗ ಯಾರವ್ರೆ, ಅದಕ್ಕೆ ಇಲ್ಲಿಗೇ ಬಂದೆ. ಅವನಾಗಿ ಬಂದು ಕರಿಯೋಗಂಟ ಅತ್ತೆ ಸೊಸೆ ಇಬ್ರೂ ಇಲ್ಲೇ."

ಒಳಕೋಣೆಯಲ್ಲಿ ರಶ್ಮಿತಾ ಅತ್ತೆಗೆ ಹಾಸಿಗೆ ಬಿಚ್ಚುತ್ತಿದ್ದಳು.

ಬುಧವಾರ ಬೆಳಗ್ಗೆ ಆ ಮನೆಯಿಂದ ಬಾಳ್ಳುಪೇಟೆಗೆ ಹೊರಟುಹೋದವನು ಚಂದ್ರಯ್ಯ ಒಬ್ಬನೇ, ಇಬ್ಬರ ಪರವಾಗಿ ಅಳಿಯನ ಮುಂದೆ ಕೈಮುಗಿದು ನಿಲ್ಲುವುದಕ್ಕೆ.